ಒಂದು ಚಮಚ ಹೆಪ್ಪು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯ ಮೇಲೆ ನಾನು ಮೂವತ್ತೊಂದು ವರ್ಷ ಅನ್ನ ತಿಂದಿದ್ದೇನೆ. ಹಾಲು ಸಂಗ್ರಹ ಕೇಂದ್ರದಲ್ಲಿ ಪರೀಕ್ಷೆಯ ಕೆಲಸ ನನ್ನದು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕ್ಯಾನುಗಳ ಸಾಲು ರಸ್ತೆಯ ತಿರುವಿನವರೆಗೆ ಬೆಳೆದಿರುತ್ತಿತ್ತು. ಒಂದೊಂದರ ಮುಚ್ಚಳ ತೆಗೆದು ಮೂಸುವುದು, ನೀರು ಬೆರೆತಿದ್ದರೆ ಹೇಳುವ ಲ್ಯಾಕ್ಟೋಮೀಟರ್ ಇಳಿಬಿಡುವುದು, ಅನುಮಾನ ಬಂದರೆ ಸೀಸೆಗೆ ತುಂಬಿ ಬಾಯಿ ಕಟ್ಟಿ ಒಳಗಿನ ಲ್ಯಾಬಿಗೆ ಕಳಿಸುವುದು. ನೀರು ಬೆರೆಸಿದವರು, ಹಿಟ್ಟು ಕದಡಿದವರು, ಸೋಪಿನ ಪುಡಿ ಹಾಕಿ ನೊರೆ ಬರಿಸಿದವರು, ಎಲ್ಲರೂ ನನ್ನೆದುರು ಬೆವೆತಿದ್ದಾರೆ. ಬೆನ್ನ ಹಿಂದೆ ನನ್ನನ್ನು 'ಮೂಗಿನಮ್ಮ' ಎನ್ನುತ್ತಿದ್ದರು. ಎದುರಿಗೆ ಅನ್ನುವಷ್ಟು ಎದೆಗಾರಿಕೆ ಯಾರಿಗೂ ಇರಲಿಲ್ಲ.

ಕಲಬೆರಕೆ ಮಾಡಿ ಸಿಕ್ಕಿಬಿದ್ದವರ ಕ್ಯಾನಿನ ಹಿಡಿಗೆ ನಾನು ಕೆಂಪು ದಾರ ಕಟ್ಟುತ್ತಿದ್ದೆ. ದಾರ ಇರುವ ಕ್ಯಾನು ಬಂದರೆ, ಉಳಿದವರೆಲ್ಲ ನೋಡುತ್ತಿರುವಾಗಲೇ ಮೊದಲು ಅದರ ಪರೀಕ್ಷೆ. ದಿನಾಲೂ. ನಿಯಮದ ಪ್ರಕಾರ ಒಂದು ವರ್ಷ, ಆಮೇಲೆ ಬಿಚ್ಚುವುದೂ ಬಿಡುವುದೂ ಪರೀಕ್ಷೆ ಮಾಡುವವಳ ಇಷ್ಟ. ಸೈಕಲ್ ತಾತ ಎಂದು ಒಬ್ಬರಿದ್ದರು. ಸೈಕಲ್ಲಿನ ಎರಡು ಪಕ್ಕಕ್ಕೆ ಎರಡು ಕ್ಯಾನು ತೂಗುಹಾಕಿಕೊಂಡು ಬರುವವರು. ಅವರು ಒಂದೇ ಒಂದು ದಿನ, ಹೆಂಡತಿ ಹಾಸಿಗೆ ಹಿಡಿದಿದ್ದ ದಿನ, ಅರ್ಧ ಹಾಲು ಚೆಲ್ಲಿಕೊಂಡು, ಕ್ಯಾನು ಖಾಲಿ ಕಾಣಬಾರದೆಂದು ಎರಡು ಚೊಂಬು ನೀರು ಸುರಿದು ತಂದರು. ಕಟ್ಟಿದೆ ದಾರ. ಆಮೇಲೆ ಹನ್ನೊಂದು ವರ್ಷ ಅವರ ಹಾಲಿನಷ್ಟು ಒಳ್ಳೆಯ ಹಾಲು ಆ ಸಾಲಿನಲ್ಲಿ ಯಾರದೂ ಇರಲಿಲ್ಲ. ಪ್ರತಿ ವರ್ಷ ಒಮ್ಮೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದರು: "ಅಮ್ಮಾ, ಈ ಸಲನಾದ್ರೂ ದಾರ ಬಿಚ್ತೀರಾ?" "ಮುಂದಿನ ವರ್ಷ ನೋಡೋಣ," ಎನ್ನುತ್ತಿದ್ದೆ. ಅವರು ಮುಚ್ಚಳ ಮುಚ್ಚಿಕೊಂಡು ಹೋಗುತ್ತಿದ್ದರು.

ಸ್ಕೂಲು ಶುರುವಾಗುವ ಮುಂಚೆ ನನ್ನ ಮಗಳು ಕೇಂದ್ರದ ಮೂಲೆಯ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಗಂಡ ಇಲ್ಲದ ಮನೆ, ಮಗುವನ್ನು ಎಲ್ಲಿ ಬಿಟ್ಟು ಬರಲಿ. ಒಂದು ದಿನ ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು: "ಅಮ್ಮ, ತಾತನ ಹಾಲು ಇವತ್ತೂ ಒಳ್ಳೇದೇ ಅಲ್ವಾ? ದಾರ ತೆಗಿ." ನಾನು ಅಂದೆ: "ಹಾಲು ಒಳ್ಳೇದೇ ಕಣೇ. ಕೈ ಮೇಲೆ ನಂಬಿಕೆ ಇಲ್ಲ." ಎಂಟು ವರ್ಷದ ಮಗುವಿಗೆ ಅದೇನು ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಅದೇ ಮಗಳು ಇಪ್ಪತ್ತಾರನೆಯ ವಯಸ್ಸಿಗೆ ಹಾಲು ಬಿಟ್ಟಳು. ಹಾಲು, ಮೊಸರು, ಬೆಣ್ಣೆ, ತುಪ್ಪ, ಏನೂ ಬೇಡ. ಯಾವುದೋ ಕೊಟ್ಟಿಗೆಯಲ್ಲಿ ಕರು ತಾಯಿಯ ಮೊಲೆಗೆ ಬಾಯಿ ಹಾಕದಂತೆ ಮೂತಿಗೆ ಕುಕ್ಕೆ ಕಟ್ಟಿದ್ದನ್ನು ನೋಡಿದಳಂತೆ. ಅದರ ಕಣ್ಣು ನೋಡಲಾಗಲಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. "ಆ ಹಾಲು ಮೂಸಿ ಮೂಸಿನೇ ನಿನ್ನ ಸಾಕಿದ್ದು ನಾನು. ಈಗ ಅದು ಪಾಪದ್ದಾಯ್ತಾ?" ಎಂದೆ. ಅವಳೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ತಾನೇ, ಸುಮ್ಮನಿರುತ್ತಾಳೆಯೇ? "ನಿನ್ನ ಕೆಲಸನ ನಾನು ಬೈದಿಲ್ಲಮ್ಮ. ನನಗೆ ಬೇಡ ಅಂದೆ ಅಷ್ಟೇ," ಎಂದಳು. ಮಾತಿಗೆ ಮಾತು ಬೆಳೆಯಿತು. ನಾಲ್ಕು ವರ್ಷ ಮನೆಯ ಕಡೆ ತಲೆ ಹಾಕಲಿಲ್ಲ. ಫೋನಿನಲ್ಲಿ ಆರೋಗ್ಯ ವಿಚಾರಿಸಿ ಇಟ್ಟುಬಿಡುತ್ತಿದ್ದಳು.

ನಾನು ನಿವೃತ್ತಿಯಾಗಿ, ಮಂಡಿ ಕೈಕೊಟ್ಟು, ಮೆಟ್ಟಿಲು ಹತ್ತುವುದೇ ಕಷ್ಟವಾದಾಗ ಅವಳೇ ಬಂದಳು. ಇದ್ದ ಕೆಲಸ ಬಿಟ್ಟು ಎರಡು ಸೂಟ್‌ಕೇಸು, ಒಂದು ಮಿಕ್ಸಿ ಹಿಡಿದುಕೊಂಡು ಬಂದಳು. ನಮ್ಮ ಅಡುಗೆಮನೆಯಲ್ಲೇ ಊಟದ ಡಬ್ಬಿ ಶುರುಮಾಡಿದಳು. ಸುತ್ತಮುತ್ತಲ ಆಫೀಸುಗಳಿಗೆ, ಕೆಲವು ಮನೆಗಳಿಗೆ, ಇಪ್ಪತ್ತು ಡಬ್ಬಿ. ಹಾಲಿನ ಸೋಂಕೂ ಇಲ್ಲದ ಊಟ. ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸುತ್ತಿದ್ದಳು: 'ಹಾಲಿನ ಒಂದು ಹನಿಯೂ ಇಲ್ಲ.' ಅಚ್ಚು ಹಾಕಿಸಿದ್ದಲ್ಲ, ಇಪ್ಪತ್ತನ್ನೂ ಕೈಯಲ್ಲೇ ಬರೆಯುತ್ತಿದ್ದಳು. "ಬರೆದ್ರೆ ಮಾತು ಕೊಟ್ಟಂಗೆ," ಎನ್ನುತ್ತಿದ್ದಳು. ಫ್ರಿಜ್ಜಿನ ಕೆಳಗಿನ ಒಂದು ಶೆಲ್ಫ್ ಮಾತ್ರ ನನಗೆ. ಅಲ್ಲಿ ನನ್ನ ಅರ್ಧ ಲೀಟರ್ ಹಾಲು, ನನ್ನ ಪುಟ್ಟ ಬಟ್ಟಲು ಮೊಸರು. "ನಿನ್ನ ಶೆಲ್ಫ್ ನಿಂದು, ನಾನು ಕೈ ಹಾಕಲ್ಲ," ಎಂದಿದ್ದಳು. ಅವಳು ಕೈ ಹಾಕಲೇ ಇಲ್ಲ.

ಮೊದಮೊದಲು ನಾನು ಕುರ್ಚಿ ಹಾಕಿಕೊಂಡು ಕೂತು ತಮಾಷೆ ನೋಡಿದೆ. ಅವಳು ಓಟ್ಸ್ ರುಬ್ಬಿ ಹಾಲು ತೆಗೆದಳು. ರುಬ್ಬಿದ್ದು ಹೆಚ್ಚಾಗಿ ಅದು ಗಂಜಿಯಂತೆ ಲೋಳೆಯಾಯಿತು. ಸೋಯಾ ಹಾಲನ್ನು ಕುದಿಯುವ ಚಹಾಕ್ಕೆ ಸುರಿದಳು, ಒಡೆದು ಚೂರುಚೂರಾಯಿತು. "ಒಡೆದ ಮನಸ್ಸು, ಒಡೆದ ಹಾಲು ಅಂತಾರಲ್ಲ, ನಿಂದು ಎರಡೂ ಒಂದೇ ಲೋಟದಲ್ಲಿದೆ," ಎಂದೆ. ಅವಳು ನಕ್ಕಳು. ನಾಲ್ಕು ವರ್ಷದ ಮೇಲೆ ನನ್ನ ಮಾತಿಗೆ ನಕ್ಕಿದ್ದು ಅದೇ ಮೊದಲು. ಆಮೇಲೆ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಚಹಾವನ್ನು ಒಲೆಯಿಂದ ಇಳಿಸಿ, ಒಂದು ನಿಮಿಷ ಬಿಟ್ಟು, ಸೋಯಾ ಹಾಲನ್ನು ಬಿಸಿಮಾಡಿ ಸೇರಿಸಿದರೆ ಒಡೆಯುವುದಿಲ್ಲ ಎಂದು ಕಂಡುಹಿಡಿದವಳು ನಾನೇ. ಓಟ್ಸನ್ನು ತಣ್ಣೀರಿನಲ್ಲಿ ಅರೆ ನಿಮಿಷಕ್ಕಿಂತ ಹೆಚ್ಚು ರುಬ್ಬಬಾರದು ಎಂದವಳೂ ನಾನೇ. ಗೋಡಂಬಿ ನೆನೆಸಿ ನುಣ್ಣಗೆ ಅರೆದು ತರಕಾರಿ ಸೂಪಿಗೆ ಹಾಕಿದರೆ ಕೆನೆ ಯಾವುದು, ಗೋಡಂಬಿ ಯಾವುದು ಎಂದು ನನ್ನ ಮೂಗಿಗೇ ಒಂದು ಗಳಿಗೆ ಗೊಂದಲವಾಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಯಾವ ಹಾಲಾದರೇನು, ನನ್ನ ಕೈಗೆ ಕೊಟ್ಟರೆ ನಾನು ಅದರ ಗುಟ್ಟು ಬಿಡಿಸದೆ ಬಿಡುವವಳಲ್ಲ.

ಗುಟ್ಟು ಬಿಟ್ಟುಕೊಡದೆ ಸತಾಯಿಸಿದ್ದು ಮೊಸರೊಂದೇ. ಕಡಲೆಬೀಜ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ತಳ ಹಿಡಿಯದಂತೆ ಕಾಯಿಸಿ ಆರಿಸಿ, ಹೆಪ್ಪಿನ ಬದಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಡಬೇಕು. ತೊಟ್ಟಿನಿಂದಲೇ ಅದು ಹುಳಿಯೇರಿ ಗಟ್ಟಿಯಾಗಬೇಕು. ಮೂರು ದಿನ ಪ್ರಯತ್ನಿಸಿದೆವು. ಮೇಲೆ ನೀರು, ಕೆಳಗೆ ಗಸಿ, ಮೂಗಿಗೆ ಹಸಿ ಬೀಜದ ವಾಸನೆ. ಮಗಳ ಮುಖ ಸಣ್ಣದಾಯಿತು. "ಮೊಸರಿಲ್ಲ ಅಂದ್ರೆ ಅರ್ಧ ಜನ ಡಬ್ಬಿ ಬೇಡ ಅಂತಾರಮ್ಮ," ಎಂದಳು. ನಾಲ್ಕನೆಯ ದಿನ ಅವಳು ತರಕಾರಿ ತರಲು ಹೋದಾಗ, ನಾನು ನನ್ನ ಶೆಲ್ಫಿನ ಬಟ್ಟಲಿನಿಂದ ಒಂದು ಚಮಚ ಹಸುವಿನ ಮೊಸರು ತೆಗೆದು ಆ ಪಾತ್ರೆಗೆ ಹಾಕಿ ಕದಡಿದೆ.

ಯಾಕೆ ಹಾಕಿದೆ ಎಂದು ಕೇಳಿದರೆ ಮುಚ್ಚಿಡುವುದು ಏನಿದೆ, ಹೇಳುತ್ತೇನೆ. ಮಗಳ ಮುಖ ನೋಡಲಾಗಲಿಲ್ಲ, ಅದು ಅರ್ಧ. ಇನ್ನರ್ಧ ನನ್ನ ಕೊಬ್ಬು. ನೀನು ಎಷ್ಟೇ ಹಾರಾಡು, ಕೊನೆಗೆ ನನ್ನ ಹಾಲೇ ಬೇಕಾಯಿತಲ್ಲ ಎಂಬ ಕೊಬ್ಬು. ಸಂಜೆ ಪಾತ್ರೆ ತೆಗೆದರೆ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗೆ ನಿಂತಿತ್ತು. ಮಗಳು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. "ಅಮ್ಮ, ಇದು ನಾನು ಚಿಕ್ಕೋಳಿದ್ದಾಗ ನೀನು ಹಾಕ್ತಿದ್ದ ಮೊಸರೇ ಕಣಮ್ಮ," ಎಂದು ನನ್ನ ಹೆಗಲಿಗೆ ತಲೆ ಒರಗಿಸಿದಳು. ಆ ಹೊತ್ತಿನಲ್ಲಿ ಯಾವ ತಾಯಿ ಬಾಯಿ ಬಿಟ್ಟಾಳು ಹೇಳಿ. "ತೊಟ್ಟು ಹಾಕೋಕೂ ಕೈಗುಣ ಬೇಕು," ಎಂದೆ.

ಅಲ್ಲಿಂದ ಮೊಸರು ನನ್ನ ಪಾಲಿನ ಕೆಲಸವಾಯಿತು. ಎರಡು ವರ್ಷ, ದಿನಕ್ಕೊಂದು ಚಮಚ. ಪಾತ್ರೆ ದೊಡ್ಡದಾದ ಮೇಲೆ ಎರಡು ಚಮಚ. ಅವಳು ಇಪ್ಪತ್ತು ಚೀಟಿ ಬರೆಯುತ್ತಿದ್ದಳು, ನಾನು ಅವಳ ಬೆನ್ನ ಹಿಂದೆ ಕದಡುತ್ತಿದ್ದೆ. ಡಬ್ಬಿಯವರೆಲ್ಲ ಮೊಸರನ್ನೇ ಹೊಗಳುತ್ತಿದ್ದರು. "ಎಲ್ಲಾ ನಮ್ಮಮ್ಮಂದು," ಎಂದು ಅವಳು ಎಲ್ಲರೆದುರು ನನ್ನನ್ನು ತೋರಿಸುತ್ತಿದ್ದಳು. ನನಗೆ ಒಳಗೊಳಗೇ ಹಿಗ್ಗು. ಚುಚ್ಚುತ್ತಿರಲಿಲ್ಲವೇ ಎಂದರೆ, ಮೊದಲ ತಿಂಗಳು ಚುಚ್ಚಿತು. ಆಮೇಲೆ ಚಹಾಕ್ಕೆ ಸಕ್ಕರೆ ಹಾಕಿದಷ್ಟೇ ಸಲೀಸಾಯಿತು.

ಹಿಂದಿನ ಬೀದಿಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಅವರ ಐದು ವರ್ಷದ ಮಗಳಿಗೆ ಹಾಲು ಎಂದರೆ ಆಗದು. ಒಂದು ತೊಟ್ಟು ಹೋದರೂ ಮೈ ಊದಿಕೊಳ್ಳುತ್ತದಂತೆ. ಬಿಟ್ಟುಹೋದ ಒಬ್ಬರ ಬದಲಿಗೆ ಅವರು ಡಬ್ಬಿಗೆ ಸೇರಿದ್ದು ಒಂದು ಸೋಮವಾರ. ಮಗುವಿನ ವಿಷಯವನ್ನು ಅವರು ಮಗಳ ಹತ್ತಿರ ಹೇಳಿದ್ದರು, ಮಗಳು ನನ್ನ ಹತ್ತಿರ ಹೇಳಲಿಲ್ಲ. ಯಾಕೆ ಹೇಳಬೇಕು? ಇಲ್ಲದ ಹಾಲಿನ ಬಗ್ಗೆ ಯಾರು ಎಚ್ಚರಿಕೆ ಕೊಡುತ್ತಾರೆ?

ಮಂಗಳವಾರ ಬೆಳಿಗ್ಗೆ ಟೀಚರ್ ಬಾಗಿಲಿಗೆ ಬಂದರು. ಕೈಯಲ್ಲಿ ತೊಳೆದ ಡಬ್ಬಿ. ತಲೆ ಬಾಚಿರಲಿಲ್ಲ, ಹಿಂದಿನ ದಿನದ ಬಟ್ಟೆಯಲ್ಲೇ ಇದ್ದರು.

"ನಿನ್ನೆ ಮಗು ಮೊದಲ್ನೇ ಸಲ ಮೊಸರು ತಿಂತು," ಎಂದರು. "ನನಗೂ ಅಮ್ಮನ ಥರ ಮೊಸರು ಸಿಕ್ತು ಅಂತ ಕುಣೀತಾ ತಿಂತು. ಅರ್ಧ ಗಂಟೇಲಿ ತುಟಿ ಊದ್ಕೊಂಡು ಉಸಿರೇ ಸಿಗ್ಲಿಲ್ಲ. ಆಸ್ಪತ್ರೇಲಿದ್ದಾಳೆ. ಈಗ ಪರವಾಗಿಲ್ಲ. ನೀವು ಬೇಜಾರು ಮಾಡ್ಕೋಬೇಡಿ, ಮೊಸರಲ್ಲಿ ಏನಾದ್ರೂ ಹಾಲು ಸೇರಿತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಯಲ್ಲಿದ್ದ ಚಮಚವನ್ನು ಸೆರಗಿನಲ್ಲಿ ಒರೆಸಿಕೊಂಡೆ. ಅದು ಬರೀ ಉಪ್ಪಿನ ಚಮಚ.

ಮಗಳ ಮುಖ ಬಿಳಿಚಿಕೊಂಡಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಇಲ್ಲ ಟೀಚರ್. ನಮ್ಮಮ್ಮ ಮೂವತ್ತೊಂದು ವರ್ಷ ಹಾಲಿನ ಕಲಬೆರಕೆ ಹಿಡಿದವರು. ಅವರ ಕೈಯಿಂದ ಒಂದು ಹನಿ ತಪ್ಪು ಬರಲ್ಲ. ಬೇಕಾದ್ರೆ ನಿನ್ನೆದೇ ಮೊಸರು ಇದೆ, ಈಗ್ಲೇ ಪರೀಕ್ಷೆಗೆ ಕೊಡ್ತೀನಿ. ಅಮ್ಮನ ಹಳೇ ಲ್ಯಾಬಿಗೇ ಕೊಡ್ತೀನಿ. ಅವರು ಬರೆದುಕೊಟ್ಟಿದ್ದನ್ನ ತಂದು ತೋರಿಸ್ತೀನಿ." ಟೀಚರ್ ನನ್ನತ್ತ ನೋಡಿ ತಲೆಯಾಡಿಸಿದರು. ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸಿ ಎನ್ನುವಂತೆ ಇತ್ತು ಆ ನೋಟ. ಮತ್ತೆ ಆಸ್ಪತ್ರೆಗೆ ಹೋದರು.

ಮಗಳು ಅಟ್ಟದಿಂದ ನನ್ನ ಹಳೆಯ ಸ್ಯಾಂಪಲ್ ಸೀಸೆಯನ್ನೇ ಇಳಿಸಿದಳು. ಜೊತೆಗಿದ್ದ ಬಿಳಿ ದಾರದ ಉಂಡೆ, ಕೆಂಪು ದಾರದ ಉಂಡೆ ಎರಡೂ ಮೇಜಿನ ಮೇಲೆ ಉರುಳಿದವು. ಸೀಸೆಗೆ ಮೊಸರು ತುಂಬಿ, ಬಾಯಿಗೆ ಬಟ್ಟೆ ಮುಚ್ಚಿ, ಬಿಳಿ ದಾರದಲ್ಲಿ ಜಡೆಗೆ ರಿಬ್ಬನ್ ಕಟ್ಟುವ ಹಾಗೆ ಒಂದು ಸುತ್ತು ಕಟ್ಟಿದಳು. "ಪಾಪ, ಆ ಮಗುಗೆ ಬೇರೆ ಏನು ತಿನ್ನಿಸಿದ್ರೋ. ನೀನೇನೂ ತಲೆಗೆ ಹಚ್ಕೋಬೇಡಮ್ಮ, ನಿನ್ನ ಮೇಲೆ ಒಂದು ಮಾತು ಬರೋಕೆ ಬಿಡಲ್ಲ," ಎಂದು ನನ್ನ ಗಲ್ಲ ತಟ್ಟಿ ಸ್ನಾನಕ್ಕೆ ಹೋದಳು.

ನಿಜ ಹೇಳುವುದಕ್ಕೆ ನನಗೆ ಸಮಯ ಇತ್ತು. ಬಚ್ಚಲಿನ ಬಾಗಿಲು ತಟ್ಟಿದ್ದರೆ ಸಾಕಿತ್ತು. ಆದರೆ 'ಅವರ ಕೈಯಿಂದ ಒಂದು ಹನಿ ತಪ್ಪು ಬರಲ್ಲ' ಎಂದ ಅವಳ ಮಾತು ಕಿವಿಯಲ್ಲೇ ಇತ್ತು. ಅದನ್ನು ಕಳೆದುಕೊಳ್ಳುವುದಕ್ಕಿಂತ ಏನು ಮಾಡಿದರೂ ಸರಿ ಎನಿಸಿತು. ಆಸ್ಪತ್ರೆಯಲ್ಲಿದ್ದ ಮಗುವಿನ ನೆನಪು ಆ ಹತ್ತು ನಿಮಿಷ ನನಗೆ ಬರಲೇ ಇಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮೂವತ್ತೊಂದು ವರ್ಷ ಕಳ್ಳರನ್ನು ಹಿಡಿದವಳಿಗೆ ಕಳ್ಳತನ ಯಾರೂ ಕಲಿಸಬೇಕಾಗಿರಲಿಲ್ಲ. ದಾರ ಬಿಚ್ಚಿ ಸೀಸೆಯನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದೆ. ಒಲೆಯ ಪಕ್ಕದಲ್ಲಿ ಆಗಷ್ಟೇ ಆರಿದ್ದ, ಹೆಪ್ಪು ಹಾಕದ ಕಡಲೆಬೀಜದ ಹಾಲಿತ್ತು. ಅದಕ್ಕೆ ನಿಂಬೆಹಣ್ಣು ಹಿಂಡಿ, ಒಡೆದು ಗಟ್ಟಿಯಾಗಿದ್ದನ್ನು ಸೀಸೆಗೆ ತುಂಬಿ, ಬೇರೆ ಬಟ್ಟೆ ಮುಚ್ಚಿ ದಾರ ಕಟ್ಟಿದೆ. ಸೀಸೆಯನ್ನು ಇದ್ದ ಜಾಗದಲ್ಲೇ ಇಟ್ಟೆ.

ಮಗಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ಸೀಸೆ ಎತ್ತಿ ಚೀಲಕ್ಕೆ ಹಾಕಹೋದವಳು ಹಾಗೇ ನಿಂತಳು. ಅವಳ ಕಣ್ಣು ಸೀಸೆಯ ಕೊರಳಿನ ಮೇಲಿತ್ತು. ನಾನೂ ನೋಡಿದೆ. ಎರಡು ಸುತ್ತು ಬಿಗಿ, ಮೂರನೆಯ ಸುತ್ತು ಅಡಿಯಿಂದ ತೂರಿಸಿ, ತುದಿಯನ್ನು ಒಳಗೆ ಅಡಗಿಸಿದ ಗಂಟು. ಕತ್ತರಿ ಇಲ್ಲದೆ ಬಿಚ್ಚಲಾಗದ ಗಂಟು. ದಾರಿಯಲ್ಲಿ ಯಾರೂ ಸ್ಯಾಂಪಲ್ ಬದಲಾಯಿಸಬಾರದೆಂದು ನಾನೇ ಹಾಕಿಕೊಂಡಿದ್ದ ಅಭ್ಯಾಸ. ಮೂವತ್ತೊಂದು ವರ್ಷ ಕಟ್ಟಿದ ಕೈ, ನನ್ನನ್ನು ಒಂದು ಮಾತೂ ಕೇಳದೆ ಕಟ್ಟಿಬಿಟ್ಟಿತ್ತು. ಆ ಗಂಟನ್ನು ಸ್ಟೂಲಿನ ಮೇಲೆ ಕೂತು ಸಾವಿರ ಸಲ ನೋಡಿದ ಮಗು ಈಗ ನನ್ನೆದುರು ನಿಂತಿತ್ತು.

"ಇದು ನಾನು ಕಟ್ಟಿದ್ದಲ್ಲ," ಎಂದಳು.

"ಸಡಿಲ ಇತ್ತು. ಬಿಗಿ ಮಾಡಿದೆ."

ಅವಳು ಕತ್ತರಿ ತಂದು ದಾರ ಕತ್ತರಿಸಿದಳು. ಬಟ್ಟೆ ಸರಿಸಿ ಮೂಸಿದಳು. ಅವಳ ಮೂಗೂ ನನ್ನದೇ. "ನಿಂಬೆಹಣ್ಣು," ಎಂದಳು. ಸೀಸೆ ಕೆಳಗಿಟ್ಟು, ಎರಡು ವರ್ಷದಲ್ಲಿ ಮೊದಲ ಸಲ ಫ್ರಿಜ್ಜಿನ ನನ್ನ ಶೆಲ್ಫಿಗೆ ಕೈ ಹಾಕಿ ಮೊಸರಿನ ಬಟ್ಟಲು ತೆಗೆದಳು. ಅಂಚಿನಲ್ಲಿ ಚಮಚ ಇಳಿದ ಗುರುತು ಇತ್ತು.

"ಯಾವಾಗಿಂದ?"

ಸುಳ್ಳು ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. "ಮೊದಲ್ನೇ ದಿನದಿಂದ."

"ಪ್ರತಿ ದಿನ?"

"ಒಂದೇ ಒಂದು ಚಮಚ ಕಣೇ. ಹೆಪ್ಪಿಗೆ ಅಷ್ಟೇ. ಅದು ಇಲ್ದೆ ನಿಲ್ತಿರಲಿಲ್ಲ. ನೀನು ಅವತ್ತು ಎಷ್ಟು ಖುಷಿಪಟ್ಟೆ, ನೆನಪಿದೆಯಾ? ಆ ಮಗುಗೆ ಆಗಲ್ಲ ಅಂತ ನಂಗೆ ಯಾರಾದ್ರೂ ಹೇಳಿದ್ರಾ? ಹೇಳಿದ್ರೆ ಹಾಕ್ತಿದ್ನಾ?"

"ಡಬ್ಬಿ ಮೇಲೆ ಬರೆದಿದ್ನಲ್ಲಮ್ಮ," ಎಂದಳು. ದನಿ ಏರಲಿಲ್ಲ. "ದಿನಾ ನಿನ್ನ ಮುಂದೇನೇ ಕೂತು ಬರೀತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳ ನನಗೇನು ಹೊಸದೇ, ಸಾಲಿನಲ್ಲಿ ನಿಂತವರು ಹಾಕಿದ ಶಾಪಗಳ ಮುಂದೆ ಅದೆಷ್ಟರದು. ಅವಳು ಬೈಯಲಿಲ್ಲ. ಸಿಂಕಿನ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು. ಎರಡು ವರ್ಷ ತಿಂದದ್ದು ಮುಕ್ಕಳಿಸಿದರೆ ಹೋಗುತ್ತದೆಯೇ? ಆದರೂ ಮತ್ತೆ ಮತ್ತೆ ನೀರು ತುಂಬಿಕೊಂಡು ಉಗಿದಳು. ನಾನು ಗೋಡೆಗೆ ಒರಗಿ ನೋಡುತ್ತಾ ನಿಂತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳು ಲ್ಯಾಬಿಗೆ ಹೋಗಲಿಲ್ಲ, ನೇರ ಆಸ್ಪತ್ರೆಗೆ ಹೋದಳು. ಮೊಸರಲ್ಲಿ ಹಾಲಿತ್ತು ಎಂದು ಮೊದಲು ಡಾಕ್ಟರಿಗೆ ಹೇಳಿದಳು, ಆಮೇಲೆ ಟೀಚರಿಗೆ. ಉಳಿದ ಹತ್ತೊಂಬತ್ತು ಬಾಗಿಲನ್ನೂ ಒಂದೊಂದಾಗಿ ತಟ್ಟಿ ಹೇಳಿದಳು. ಎಲ್ಲ ಕಡೆಯೂ ಒಂದೇ ಮಾತಂತೆ: "ನನ್ನ ಅಡುಗೆಮನೇಲಿ ತಪ್ಪಾಗಿದೆ." ನಮ್ಮಮ್ಮ ಮಾಡಿದ್ದು ಎಂದು ಒಬ್ಬರ ಹತ್ತಿರವೂ ಹೇಳಲಿಲ್ಲ. ಇದು ನನಗೆ ಗೊತ್ತಾದದ್ದು ಕೆಳಮನೆಯ ದರ್ಜಿಯ ಬಾಯಿಂದ. "ನಿಮ್ಮಂಥ ತಾಯಿ ಇಟ್ಕೊಂಡು ಇಷ್ಟು ಬೇಜವಾಬ್ದಾರಿನಾ ಅಂತ ಟೀಚರ್ ಚೆನ್ನಾಗಿ ಬೈದ್ರಂತೆ, ನಿಮ್ಮ ಮಗಳು ತಲೆ ತಗ್ಗಿಸಿ ಕೇಳಿಸ್ಕೊಂಡ್ಲಂತೆ," ಎಂದ. ಮಗು ಮೂರು ದಿನಕ್ಕೆ ಮನೆಗೆ ಬಂತು. ನಾನೇ ಹೋಗಿ ಟೀಚರ್ ಕಾಲು ಹಿಡಿಯುತ್ತೇನೆ ಎಂದಾಗ ಮಗಳು ಅಂದದ್ದು ಇಷ್ಟೇ: "ಅವರಿಗೆ ನಿನ್ನ ಮುಖ ನೋಡಿದ್ರೆ ಇನ್ನೊಂದು ಸಲ ಮೋಸ ಆದಂಗಾಗತ್ತೆ. ಬೇಡ." ಇಪ್ಪತ್ತರಲ್ಲಿ ಒಂಬತ್ತು ಡಬ್ಬಿ ಉಳಿದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಮ್ಮದು ಚಮಚಕ್ಕೆ ಹೋಯಿತು, ಅದೂ ತಪ್ಪು ಮಾಡದವಳದು.

ಮುಂದಿನ ವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ನಾನು ಡಬ್ಬಿಯ ಮೊಸರು ಹಾಕುತ್ತಿದ್ದ ಪಾತ್ರೆ ಬೇರೆ ಶೆಲ್ಫಿನಲ್ಲಿ ಒಂಟಿಯಾಗಿ ಕೂತಿತ್ತು. ಅದರ ಹಿಡಿಗೆ ಕೆಂಪು ದಾರ.

"ಏನೇ ಇದು?" ಎಂದೆ. "ಹೆತ್ತ ತಾಯಿಗೆ ದಾರ ಕಟ್ತೀಯಾ?"

ಮಗಳು ಓಟ್ಸ್ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಲಿಲ್ಲ. ಆ ಸದ್ದಿನಲ್ಲಿ ನಾನು ಇನ್ನೂ ಏನೇನೋ ಕೂಗಾಡಿದೆ. ಅರೆ ನಿಮಿಷಕ್ಕೆ ಸರಿಯಾಗಿ ಮಿಕ್ಸಿ ಆರಿಸಿದಳು.

ಅವತ್ತಿನಿಂದ ಮಗಳು ನನ್ನ ಹತ್ತಿರ ಮಾತೇ ಆಡುವುದಿಲ್ಲ ಎನ್ನುವ ಹಾಗೇನೂ ಇಲ್ಲ. ಮಾತ್ರೆ ತಗೊಂಡ್ಯಾ ಎನ್ನುತ್ತಾಳೆ, ಮಂಡಿಗೆ ಎಣ್ಣೆ ಹಚ್ಚುತ್ತಾಳೆ, ನನ್ನ ತಟ್ಟೆಗೆ ಬಿಸಿ ಅನ್ನ ಹಾಕುತ್ತಾಳೆ. ನಾನು ಮುಟ್ಟಿದ ಅಡುಗೆ ಮಾತ್ರ ತಿನ್ನುವುದಿಲ್ಲ. ನಾನು ಹೆಚ್ಚಿದ ತರಕಾರಿಯನ್ನು ಕೂಡ ಒಲೆಗೆ ಹಾಕುವುದಿಲ್ಲ. ನನ್ನ ಶೆಲ್ಫನ್ನು ನಾನೇ ಖಾಲಿ ಮಾಡಿದೆ, ಹಾಲು ತರಿಸುವುದನ್ನೇ ನಿಲ್ಲಿಸಿದೆ, ಕಪ್ಪು ಚಹಾ ಕುಡಿಯುತ್ತೇನೆ. ಅವಳು ಅದನ್ನು ನೋಡಿದಳು.

ಹಟಕ್ಕೆ ಬಿದ್ದು ನಾನು ಮತ್ತೆ ಕಡಲೆಬೀಜ ನೆನೆಹಾಕಿದೆ. ಹೊಸ ಪಾತ್ರೆ, ಹೊಸ ಬಟ್ಟೆ, ಹೊಸ ಚಮಚ. ತೊಟ್ಟುಗಳನ್ನು ಎರಡರಿಂದ ಹತ್ತಕ್ಕೆ ಏರಿಸಿದೆ, ಹಾಲು ಇನ್ನಷ್ಟು ದಪ್ಪ ತೆಗೆದೆ, ಬೆರಳು ತಾಳುವಷ್ಟೇ ಬಿಸಿಯಲ್ಲಿ ಮುಚ್ಚಿ ಕಂಬಳಿ ಹೊದಿಸಿದೆ. ಆರು ಸಲ ಕೆಟ್ಟಿತು. ಆಮೇಲೆ ಅರೆಬರೆ ನಿಂತದ್ದರಿಂದಲೇ ಹೆಪ್ಪು ಉಳಿಸಿ ಮುಂದಿನದಕ್ಕೆ ಹಾಕುತ್ತ ಬಂದೆ. ಹನ್ನೊಂದನೆಯ ದಿನ ಮುಚ್ಚಳ ತೆಗೆದರೆ ಮೊಸರು ಅಲುಗಾಡದೆ ನಿಂತಿತ್ತು. ಒಂದು ಹನಿ ಹಾಲಿಲ್ಲದೆ ನಿಂತಿತ್ತು. ಹನ್ನೊಂದು ದಿನ. ಅವತ್ತು ನಾನು ಕಾದದ್ದು ಮೂರೇ ದಿನ. ಆ ಪಾತ್ರೆಯ ಮುಂದೆ ಕೂತು ನಾನು ಅತ್ತೆ.

ಕಣ್ಣೊರೆಸಿಕೊಂಡು ಬಟ್ಟಲಿಗೆ ಹಾಕಿ ಮೇಜಿನ ಮೇಲಿಟ್ಟೆ. ದಾರ ಕಟ್ಟಿದ ಪಾತ್ರೆಯನ್ನೂ ಪಕ್ಕದಲ್ಲಿಟ್ಟೆ. ಮಗಳು ಡಬ್ಬಿ ಕೊಟ್ಟು ವಾಪಸು ಬಂದು ಚಪ್ಪಲಿ ಬಿಡುತ್ತಿದ್ದಳು.

"ನೋಡು," ಎಂದೆ. "ಬರೀ ತೊಟ್ಟಿಂದೇ ನಿಂತಿದೆ. ನನ್ನ ಮಾತು ನಂಬಬೇಡ, ಲ್ಯಾಬಿಗೇ ಕಳಿಸು. ನೀನೇ ತುಂಬು, ನೀನೇ ಕಟ್ಟು. ನಾನು ಹೊರಗೆ ಹೋಗಿ ನಿಂತಿರ್ತೀನಿ."

ಅವಳು ಬಂದು ಬಟ್ಟಲನ್ನು ಕೈಗೆತ್ತಿಕೊಂಡಳು. ಓರೆ ಮಾಡಿ ನೋಡಿದಳು, ಮೂಸಿದಳು. ಅವಳ ಕಣ್ಣಲ್ಲಿ ಒಂದು ಕ್ಷಣ ಮೊಸರು ಮೊದಲ ಸಲ ನಿಂತ ದಿನದ ಮಗಳು ಬಂದು ಹೋದಳು, ಅದನ್ನು ನಾನು ಕಂಡೆ. ಆಮೇಲೆ ಬಟ್ಟಲನ್ನು ಮೆತ್ತಗೆ ಕೆಳಗಿಟ್ಟಳು.

"ಮೊಸರು ಒಳ್ಳೇದೇ ಅಮ್ಮ," ಎಂದಳು.

ಆ ಮಾತಿನ ಉಳಿದರ್ಧ ನನಗೆ ಗೊತ್ತಿತ್ತು, ನಾನೇ ಕಲಿಸಿದ್ದು. ಆದರೂ ಬಾಯಿ ಸುಮ್ಮನಿರಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿಯೇಬಿಟ್ಟೆ: "ಹಂಗಾದ್ರೆ ದಾರ ಬಿಚ್ಚಲಾ?"

"ಮುಂದಿನ ವರ್ಷ ನೋಡೋಣ," ಎಂದಳು ಮಗಳು.

ನಾನು ದಾರದ ಪಾತ್ರೆಯ ಮುಚ್ಚಳ ಮುಚ್ಚಿ ಎತ್ತಿಕೊಂಡು ಅದರ ಶೆಲ್ಫಿನಲ್ಲಿಟ್ಟೆ. ನಾಳೆಗೆ ಮತ್ತೆ ಕಡಲೆಬೀಜ ನೆನೆಹಾಕಬೇಕಿತ್ತು.